ನೀರು ಇಂಗಿದ ಜಾಗ

ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿದ್ದೆನೋ, ಇಲ್ಲವೋ?

ಜಯನಗರ ನಾಲ್ಕನೇ ಬ್ಲಾಕಿನ ಆ ಮನೆಯ ಗೇಟಿನ ಹೊರಗೆ ನಿಂತಿದ್ದ ಮೈತ್ರಿಯನ್ನು ಕೊರೆಯುತ್ತಿದ್ದದ್ದು ಇದೊಂದೇ. ನಿನ್ನೆ ರಾತ್ರಿ ಬಂಧಿಸಿದ ಅಪ್ಪನನ್ನು ಠಾಣೆಯಲ್ಲಿ ಇಟ್ಟಿದ್ದರು. ಸಂಜೆ ಐದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ, ಅಲ್ಲಿಂದ ಜೈಲಿಗೆ. ಅಂಥ ಹೊತ್ತಿನಲ್ಲಿ ಮಗಳಾದವಳಿಗೆ ಒಂದು ತಗಡಿನ ಡಬ್ಬಿಯ ಮುಚ್ಚಳದ ಚಿಂತೆ. ಗಾಳಿ ಹೊಕ್ಕರೆ ಒಳಗಿನ, ಬಟ್ಟೆಗೆ ನೀರಿಳಿಯದಂತೆ ಬಳಿಯುವ ಲಿಕ್ವಿಡ್ ಹೆಪ್ಪುಗಟ್ಟಿ ಹಾಳಾಗುತ್ತದೆ. ಹಾಳಾಗಲಿ, ಯಾರಿಗೆ ಬೇಕು ಎಂದು ತನಗೆ ತಾನೇ ಹೇಳಿಕೊಂಡರೂ ಅವಳ ಬೆರಳುಗಳು ದುಪಟ್ಟಾದ ತುದಿಯನ್ನು ಮುಚ್ಚಳದ ಹಾಗೆ ತಿರುಗಿಸುತ್ತಲೇ ಇದ್ದವು.

ಡೈರಿಯಲ್ಲಿ ಬರೆಯಲಿಕ್ಕೂ ನಾಚಿಕೆಯಾಗುವಂಥ ಚಿಂತೆ.

"ಒಳಗ್ ಬಾಮ್ಮ. ಮಳೇಲಿ ಯಾಕ್ ಹಿಂಗೆ ನಿಂತಿದೀಯ?"

ಗೇಟು ತೆರೆದವರು ಸಬ್ ಇನ್‌ಸ್ಪೆಕ್ಟರ್ ಪದ್ಮಶ್ರೀ. ಎರಡು ದಿನದ ನಿದ್ದೆಗೇಡು ಅವರ ಕಣ್ಣಿನಲ್ಲಿತ್ತು. ಭಾನುವಾರ ಸಂಜೆ ಈ ಮನೆಯ ಯಜಮಾನ ಬದರಿನಾಥರು ತಮ್ಮ ೧೯೩೮ರ ಮಾರಿಸ್ ಕಾರಿನ ಹಿಂದೆ ತಲೆ ಒಡೆದು ಬಿದ್ದಿದ್ದರು. ಪಕ್ಕದಲ್ಲಿ ಬಿದ್ದಿದ್ದದ್ದು ಕಾರಿನ ಬಟ್ಟೆಯ ಟಾಪ್ ಹೊಲಿಯುವ ಅವಳಪ್ಪ ದೇವರಾಜನ ಮೊಳೆ ಸುತ್ತಿಗೆ. ಇವತ್ತು ಮಂಗಳವಾರ. ಜೆ.ಪಿ. ನಗರದ ಆಸ್ಪತ್ರೆಯಲ್ಲಿ ಆ ಎಪ್ಪತ್ತಾರರ ಜೀವಕ್ಕೆ ಇನ್ನೂ ಎಚ್ಚರವಾಗಿರಲಿಲ್ಲ.

"ನಿಮ್ಮಪ್ಪನ ಸಾಮಾನು ಗುರುತು ಹೇಳ್ಬೇಕು. ಯಾವ್ದು ಇದೆ, ಯಾವ್ದು ಇಲ್ಲ, ಅಷ್ಟೇ. ಹತ್ತು ನಿಮಿಷದ ಕೆಲಸ."

"ಹೂಂ."

"ಹೂಂ ಬಿಟ್ಟು ಬೇರೆ ಏನಾದ್ರೂ ಬರತ್ತಾ ನಿನ್ ಬಾಯಲ್ಲಿ?"

ಮೈತ್ರಿ ತಲೆ ತಗ್ಗಿಸಿದಳು. ಬಿ.ಎಸ್‌ಸಿ. ಮುಗಿಸಿ ಒಂದು ವರ್ಷವಾಗಿತ್ತು. ಮೂರು ಇಂಟರ್‌ವ್ಯೂಗಳಲ್ಲೂ ಇದೇ ಮಾತನ್ನು ಬೇರೆ ಬೇರೆ ಇಂಗ್ಲಿಷಿನಲ್ಲಿ ಕೇಳಿಸಿಕೊಂಡಿದ್ದಳು.

ಶೆಡ್ಡಿನೊಳಗೆ ಹಳೆಯ ಪೇಪರು ಹಾಸಿ ಸಾಮಾನುಗಳನ್ನು ಸಾಲಾಗಿ ಇಟ್ಟಿದ್ದರು. ದಬ್ಬಳ, ದಾರದ ಉಂಡೆ, ಹೊಲಿಗೆಯ ತೂತುಗಳಿಗೆ ತಿಕ್ಕುವ ಜೇನುಮೇಣದ ತುಂಡು, ಮೂರಿಂಚಿನ ಬ್ರಷ್. ಕೊನೆಯಲ್ಲಿ ಡಬ್ಬಿ. ಮುಚ್ಚಳ ಗಟ್ಟಿಯಾಗಿಯೇ ಇತ್ತು. ಒಂದು ಚಿಂತೆ ಕಳೆಯಿತು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

"ಎಲ್ಲಾ ಅಪ್ಪಂದೇ ಮೇಡಂ. ಸುತ್ತಿಗೆ ಒಂದಿಲ್ಲ."

"ಸುತ್ತಿಗೆ ಲ್ಯಾಬಲ್ಲಿದೆ." ಪದ್ಮಶ್ರೀ ಸ್ಟೂಲಿನ ಮೇಲೆ ಕೂತು ಬೂಟಿನ ಕೆಸರನ್ನು ಕಡ್ಡಿಯಿಂದ ಕೆರೆದರು. "ಹಿಡಿ ಮೇಲೆ ಎರಡು ಥರದ ಬೆರಳಚ್ಚು ಸಿಕ್ಕಿದೆ. ಒಂದು ನಿಮ್ಮಪ್ಪಂದು. ಇನ್ನೊಂದು ಯಾರ್ದೋ ಗೊತ್ತಿಲ್ಲ. ಸಣ್ಣ ಬೆರಳು. ಹೆಂಗಸಿಂದು ಇರಬೋದು ಅಂತಾರೆ."

ಮೈತ್ರಿ ಎರಡೂ ಕೈಗಳನ್ನು ದುಪಟ್ಟಾದ ಒಳಗೆ ಎಳೆದುಕೊಂಡಳು.

ಯಾರದೆಂದು ಅವಳಿಗೆ ಗೊತ್ತಿತ್ತು. ಟಾಪಿನ ಹಿಂದಿನ ಅಂಚಿನಲ್ಲಿ ಒಂದು ಮೊಳೆ ಸಡಿಲವಾಗಿತ್ತು. ಭಾನುವಾರ ಬೆಳಿಗ್ಗೆ ಅದನ್ನು ಹೊಡೆದು ಕೂರಿಸಿ, ಸುತ್ತಿಗೆಯನ್ನು ಕಾರಿನ ಫುಟ್‌ಬೋರ್ಡಿನ ಮೇಲೆ ಮರೆತು ಹೋದವಳು ಅವಳೇ.

ಒಂದು ವರ್ಷದಿಂದ ಆ ಲಿಕ್ವಿಡ್ಡಿನ ವಾಸನೆ ಮೂಗಿಗೆ ಬಡಿದರೆ ಸಾಕು, ಅಪ್ಪನಿಗೆ ಉಬ್ಬಸ ಎದ್ದು ನಿಂತುಬಿಡುತ್ತಿತ್ತು. ಹೊಲಿಗೆ ಅಪ್ಪನದು, ಕೋಟ್ ಹೊಡೆಯುವುದು ಮಗಳದು ಎಂದು ಮನೆಯೊಳಗೇ ಒಪ್ಪಂದವಾಗಿತ್ತು. ಹೊರಗಿನವರಿಗೆ ಇದು ತಿಳಿಯುವಂತಿರಲಿಲ್ಲ. ಬೆಂಗಳೂರಿನಲ್ಲಿ ಹಳೇ ಕಾರು ಇಟ್ಟುಕೊಂಡವರೆಲ್ಲ ಬನಶಂಕರಿಯ ಅಂಗಡಿಯನ್ನು ಹುಡುಕಿಕೊಂಡು ಬರುತ್ತಿದ್ದದ್ದು ದೇವರಾಜನ ಕೈಯನ್ನು ನಂಬಿ. ತಿಳಿದಿದ್ದವರು ಬದರಿನಾಥರೊಬ್ಬರೇ. "ಹೆಸರು ನಿಮ್ಮಪ್ಪಂದು, ಕೈ ನಿಂದು. ಆಗ್ಲಿ ಬಿಡು, ಕಾರಿಗೇನು ಗೊತ್ತಾಗತ್ತೆ?" ಎಂದು ನಕ್ಕು, ಶೆಡ್ಡಿಗೆ ಟೇಬಲ್ ಫ್ಯಾನು ತಂದಿಟ್ಟಿದ್ದರು. ಅವರಿಗೀಗ ಮಾತಿಲ್ಲ.

ಭಾನುವಾರ ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಈ ಶೆಡ್ಡಿನಲ್ಲಿ ಎರಡನೇ ಕೋಟ್ ಹೊಡೆಯುತ್ತಿದ್ದವಳು ಮೈತ್ರಿ. ಅಪ್ಪ ಆ ಹೊತ್ತಿಗೆ ತಲಘಟ್ಟಪುರದ ಬುದ್ಧ ವಿಹಾರದಲ್ಲಿದ್ದ. ಬೆಳಗಿನ ವಂದನೆ ಮುಗಿಸಿ, ನಲವತ್ತು ಜನಕ್ಕೆ ಅನ್ನ ಸಾರು ಬಡಿಸಿ, ನಾಲ್ಕು ಗಂಟೆಗೆ ಅಲ್ಲಿಂದ ಹೊರಟಿದ್ದ. ಆ ರಾತ್ರಿ ಪೊಲೀಸರು ಬಾಗಿಲಿಗೆ ಬಂದು ಸುತ್ತಿಗೆಯ ವಿಷಯ ಎತ್ತಿದಾಗ, ಅವಳು ಬಾಯಿ ತೆರೆಯುವುದಕ್ಕೆ ಮೊದಲೇ ಅಪ್ಪ ಅವಳ ಮಣಿಕಟ್ಟನ್ನು ಹಿಡಿದು ಒತ್ತಿದ.

"ಶೆಡ್ಡಲ್ಲಿದ್ದಿದ್ದು ನಾನೊಬ್ನೇ ಸಾರ್. ಮೂರು ಗಂಟೆ ತಂಕ ಇದ್ದೆ. ನನ್ ಮಗಳು ಮನೇಲಿದ್ಲು. ಅವಳಿಗೂ ಇದಕ್ಕೂ ಏನೂ ಇಲ್ಲ."

ಸುತ್ತಿಗೆಯನ್ನು ಮರೆತು ಬಂದ ವಿಷಯವನ್ನು ಅವಳು ಅದಕ್ಕೆ ಅರ್ಧ ಗಂಟೆ ಮುಂಚೆಯಷ್ಟೇ ಅಪ್ಪನಿಗೆ ಹೇಳಿದ್ದಳು. ನಲವತ್ತು ಜನ ಸಾಕ್ಷಿಗಳನ್ನು ಆ ಮನುಷ್ಯ ಒಂದೇ ಗುಟುಕಿಗೆ ನುಂಗಿಬಿಟ್ಟಿದ್ದ. ಮೈತ್ರಿ ಸುಮ್ಮನಿದ್ದಳು. ಅವತ್ತಿನಿಂದ ಇವತ್ತಿನವರೆಗೂ ಸುಮ್ಮನೇ ಇದ್ದಳು.

"ಏನ್ ಯೋಚ್ನೆ?" ಪದ್ಮಶ್ರೀ ಕಡ್ಡಿ ಎಸೆದರು.

"ಏನಿಲ್ಲ ಮೇಡಂ."

ಮಳೆ ನಿಂತಿತು. ಫೋಟೋ ತೆಗೆಯಲೆಂದು ಪೊಲೀಸರು ಹಿಂದಿನ ದಿನವೇ ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿದ್ದರು. ಮೈತ್ರಿ ಹೊರಗೆ ಬಂದವಳು ಅದರ ಮುಂದೆ ನಿಂತುಬಿಟ್ಟಳು. ಕಂದು ಬಣ್ಣದ ಕ್ಯಾನ್ವಾಸ್ ಟಾಪಿನ ಮೇಲೆ ಮಳೆಹನಿಗಳು ಗುಂಡುಗುಂಡಾಗಿ, ಬಿಡಿಬಿಡಿಯಾಗಿ ಕೂತಿದ್ದವು. ಗಾಳಿ ಬೀಸಿದರೆ ಉರುಳಿ ಅಂಚಿನಿಂದ ಕೆಳಗೆ ಬೀಳುತ್ತಿದ್ದವು. ಒಳ್ಳೆಯ ಕೋಟ್. ಅವಳ ಕೈಯದೇ ಕೋಟ್.

ಹಿಂದಿನ ಎಡಮೂಲೆಯಲ್ಲಿ ಮಾತ್ರ ಹನಿಗಳಿರಲಿಲ್ಲ.

ಅಲ್ಲಿ ಮೊರದಗಲದ ಜಾಗ ಕಪ್ಪಗೆ ತೊಯ್ದು ಜೋತುಬಿದ್ದಿತ್ತು. ಬದರಿನಾಥರು ಬಿದ್ದಿದ್ದದ್ದು ಕಾರಿನ ಆ ಮೂಲೆಯ ಹಿಂದೆಯೇ.

ಆ ಮೂಲೆಯನ್ನು ತಾನು ಬಿಟ್ಟಿದ್ದೆನೇ? ಇಲ್ಲ. ಮೊಳೆ ಹೊಡೆದದ್ದೇ ಅಲ್ಲಿ, ಎರಡು ಸಲ ಬ್ರಷ್ ಆಡಿಸಿದ್ದೂ ಅಲ್ಲೇ. ಬಗ್ಗಿ ಮೂಸಿದಳು. ನಿಂಬೆ ವಾಸನೆ ಬಂತು.

"ಮೇಡಂ," ಎಂದಳು. "ಒಂದ್ ಚೊಂಬು ನೀರು ಬೇಕಿತ್ತು."

"ಕುಡಿಯಕ್ಕಾ?"

"ಅಲ್ಲ. ಸುರಿಯಕ್ಕೆ."

ಮನೆಗೆಲಸದ ಮುನಿಯಕ್ಕ ಅಡಿಗೆಮನೆಯ ಹಿಂಬಾಗಿಲಿನಿಂದ ಚೊಂಬು ತಂದಳು. ಅವಳ ಹಿಂದೆಯೇ ಫೋನು ಹಿಡಿದುಕೊಂಡು ಬಂದವನು ಭಾರ್ಗವ, ಬದರಿನಾಥರ ತಮ್ಮನ ಮಗ. ದೊಡ್ಡಮ್ಮನಿಗೆ ಆಸರೆಯೆಂದು ಭಾನುವಾರದಿಂದ ಇಲ್ಲೇ ಉಳಿದಿದ್ದ. ಮದುವೆಗೆ ಮುಂಚೆ ಹುಡುಗ ಹುಡುಗಿಯರ ಫೋಟೋ ತೆಗೆಸುವ ಕಂಪನಿ ಅವನದು.

"ಮೇಡಂ, ಕಾರ್ ಯಾವಾಗ ಬಿಡ್ತೀರಾ? ದೊಡ್ಡಪ್ಪಂಗೆ ಈ ಕಾರ್ ಅಂದ್ರೆ ಪ್ರಾಣ. ಮಳೇಲಿ ನಿಂತಿರೋದು ನೋಡೋಕಾಗ್ತಿಲ್ಲ."

"ಬಿಡೋಣ ಸಾರ್. ಈ ಹುಡುಗಿ ಏನೋ ತೋರಿಸ್ತಾಳಂತೆ, ನೋಡಿ."

ಮೈತ್ರಿ ಮೊದಲು ಬಲಮೂಲೆಗೆ ನೀರು ಹಾಕಿದಳು. ನೀರು ಮುತ್ತಿನ ಸರ ಹರಿದ ಹಾಗೆ ಚೆಲ್ಲಾಪಿಲ್ಲಿಯಾಗಿ ಜಾರಿ ಹೋಯಿತು. ಆಮೇಲೆ ಎಡಮೂಲೆಗೆ ಹಾಕಿದಳು. ಅಲ್ಲಿ ನೀರು ಒಂದು ಕ್ಷಣ ನಿಂತಿತು, ಆಮೇಲೆ ಮೆಲ್ಲಗೆ ಒಳಗಿಳಿಯಿತು. ಕಾರಿನೊಳಗೆ ಸೀಟಿನ ಮೇಲೆ ತೊಟ್ಟಿಕ್ಕುವ ಸದ್ದು ಕೇಳಿಸಿತು.

"ಬಟ್ಟೆ ಮೇಲೆ ನೀರು ಹಾಕಿದ್ರೆ ಒದ್ದೆ ಆಗತ್ತೆ," ಭಾರ್ಗವ ನಕ್ಕ. "ಇದನ್ನ ತೋರ್ಸಕ್ಕೆ ಪೊಲೀಸ್ ಬೇಕಾ?"

"ಆಗಬಾರದು."

"ಏನಂದೆ?"

"ಒದ್ದೆ ಆಗಬಾರದು ಸಾರ್." ಮೈತ್ರಿ ಅವನನ್ನು ನೋಡದೆ ಪದ್ಮಶ್ರೀಯವರ ಬೆಲ್ಟಿನ ಬಕಲಿಗೆ ಹೇಳಿದಳು. "ಇದಕ್ಕೆ ಎರಡು ಕೋಟ್ ಆಗಿದೆ. ಮೊದಲು ಒಣಬ್ರಷ್ಷಲ್ಲಿ ಧೂಳು ತೆಗೆದು, ಅಂಟುವಾಳದ ನೀರಲ್ಲಿ ತೊಳೆದು, ನೆರಳಲ್ಲೇ ಒಣಗಿಸಿ, ಶನಿವಾರ ಒಂದು ಕೋಟ್, ಭಾನುವಾರ ಒಂದು. ಆಮೇಲೆ ಮೂರು ದಿನ ಮಡಚಬಾರದು, ಹೊರಗೂ ತೆಗೀಬಾರದು. ಕೋಟ್ ಹಸಿ ಇರುವಾಗ ಸೋಪಿನ ಪುಡಿ ನೀರು ಬಿದ್ರೆ ಮುಗೀತು, ಎಲ್ಲಾ ಬಿಟ್ಕೊಂಡ್ಬಿಡತ್ತೆ. ಆ ಜಾಗ ಅಲ್ಲಿಂದಾಚೆ ನೀರು ಕುಡಿಯತ್ತೆ."

ಇಷ್ಟು ಉದ್ದದ ಮಾತನ್ನು ಅವಳು ಹೊರಗಿನವರೆದುರು ಆಡಿದ್ದು ಅದೇ ಮೊದಲು.

ಪದ್ಮಶ್ರೀ ತಾವೇ ಬಗ್ಗಿ ಮೂಸಿದರು. "ನಿಂಬೆಹಣ್ಣು."

"ಅದು ನಮ್ಮನೆ ಬಟ್ಟೆ ಸೋಪಿನ್ ಪುಡಿ ಕಣವ್ವ," ಎಂದಳು ಮುನಿಯಕ್ಕ.

ಭಾರ್ಗವ ಚಿಟಿಕೆ ಹೊಡೆದ. "ಹಾಗಾದ್ರೆ ಇವಳೇ. ಮುನಿಯಕ್ಕನ ಕೈಗೆ ಸೋಪು ಸಿಕ್ರೆ ಮುಗೀತು ಮೇಡಂ, ತುಳಸಿಕಟ್ಟೆಗೂ ಬಿಡಲ್ಲ."

"ಅಯ್ಯೋ, ನನ್ ಮ್ಯಾಕೆ ಯಾಕಪ್ಪ ತರ್ತೀಯ?" ಮುನಿಯಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಭಾನ್ವಾರ ನಂಗೆ ರಜ. ಇಪ್ಪತ್ ವರ್ಸದಿಂದ ರಜ. ಅಮ್ಮಾವ್ರನ್ನ ಕೇಳಿ. ಸೋಮ್ವಾರ ಬಂದ್ ನೋಡ್ತೀನಿ, ಪುಡಿ ಡಬ್ಬ ಬಾಯ್ ಬಿಟ್ಕಂಡ್ ಬಿದ್ದೈತೆ, ಬಟ್ಟೆ ಉಜ್ಜೋ ಬ್ರಸ್ಸು ನೆಟ್ಟಗಿದ್ದಿದ್ದು ಹಿಂಗ್ ಸೊಟ್ಟಗಾಗೈತೆ. ನಿನ್ ಪ್ಯಾಂಟ್ ನೀನೇ ಒಗ್ಕಂಡ್ಯೇನೋ ಅಂದ್ಕಂಡೆ. ಹುಟ್ಟಿದಾಗ್ಲಿಂದ ಒಂದ್ ಕರ್ಚೀಪು ಒಗ್ದೋನಲ್ಲ."

ಪದ್ಮಶ್ರೀಯವರ ತುಟಿಯ ಮೂಲೆ ಅಲುಗಿತು. ಆದರೆ ಅವರು ತಿರುಗಿದ್ದು ಮೈತ್ರಿಯ ಕಡೆಗೆ.

"ಸರಿ. ಕೋಟ್ ಆದ್ಮೇಲೆ ಯಾರೋ ಈ ಜಾಗ ತೊಳೆದಿದಾರೆ. ರಕ್ತ ಹಾರಿರತ್ತೆ, ತೊಳೆದಿದಾರೆ. ಒಪ್ಪಿದೆ. ಆದ್ರೆ ನೀನೇ ಯೋಚನೆ ಮಾಡು, ಕೋಟ್ ಆದ್ಮೇಲೆ ಇಲ್ಲಿದ್ದಿದ್ದು ಯಾರು? ನಿಮ್ಮಪ್ಪ. ಮೂರು ಗಂಟೆ ತನಕ ಇದ್ದೆ ಅಂತ ಅವ್ರೇ ಸಹಿ ಹಾಕಿ ಕೊಟ್ಟಿದಾರೆ."

ಹಗ್ಗವೆಂದು ಹಿಡಿದದ್ದು ಅಪ್ಪನ ಕೊರಳಿಗೇ ಸುತ್ತಿಕೊಂಡಿತ್ತು.

"ಅಪ್ಪ ಸೋಪಿನ ಪುಡಿ ಮುಟ್ಟಲ್ಲ ಮೇಡಂ. ಟಾಪಿಗೆ ಮುಟ್ಟಿಸೋದೇ ಇಲ್ಲ. ಕಾರ್ ತರೋರಿಗೆಲ್ಲ ಬೈದು ಕಳಿಸ್ತಾನೆ, ಪುಡಿ ಹಾಕಿ ತೊಳೀತೀರಾ ಅಂತ."

"ಮನುಷ್ಯನ ತಲೆ ಒಡೆದಿರೋನು ಟಾಪ್ ಕೆಡತ್ತೆ ಅಂತ ಯೋಚನೆ ಮಾಡ್ತಾನೇನಮ್ಮ? ಗಾಬರೀಲಿ ಕೈಗೇನು ಸಿಗತ್ತೋ ಅದ್ರಲ್ಲಿ ತೊಳೀತಾನೆ."

ಅಪ್ಪನ ಅಭ್ಯಾಸ ಸಾಕ್ಷಿಯಾಗುವುದಿಲ್ಲ. ಅಪ್ಪನ ಸಹಿ ಸಾಕ್ಷಿಯಾಗುತ್ತದೆ.

"ನಾನ್ ಅವತ್ತೇ ಹೇಳಿದ್ನಲ್ಲ ಮೇಡಂ." ಭಾರ್ಗವನ ದನಿಯಲ್ಲಿ ಈಗ ಮರುಕವಿತ್ತು, ಸಾವಿನ ಮನೆಗೆ ಬಂದವರ ಥರದ್ದು. "ಪಾಪ, ಮಗಳು, ಹೊಟ್ಟೆ ಉರಿಯತ್ತೆ. ಆದ್ರೆ ಕಣ್ಣಾರೆ ಕಂಡಿದ್ದನ್ನ ಕಂಡಿಲ್ಲ ಅನ್ನಕ್ಕಾಗತ್ತಾ? ಒಂದು ಗಂಟೆಗೆ ನಾನು ಬಂದೆ. ದೇವರಾಜ್ ಇಲ್ಲೇ, ಈ ಮೂಲೇಲೇ ನಿಂತು ಬ್ರಷ್ ಆಡಿಸ್ತಿದ್ದ. ಇಡೀ ಶೆಡ್ಡು ಲಿಕ್ವಿಡ್ ವಾಸನೆ. ನಮಸ್ಕಾರ ಸಾರ್ ಅಂದ. ಕೆಲಸ ಸರಿಯಾಗಿಲ್ಲ ಅಂತ ದೊಡ್ಡಪ್ಪ ಬೈತಿದ್ರು, ಇವನೂ ಎದುರುತ್ತರ ಕೊಡ್ತಿದ್ದ. ನಾನ್ ಐದು ನಿಮಿಷ ಇದ್ದು ಹೊರಟೆ. ಆಮೇಲೆ ಹಿಂಗಾಗತ್ತೆ ಅಂತ ಯಾರಿಗ್ ಗೊತ್ತಿತ್ತು?"

ಮೈತ್ರಿ ಮೊದಲ ಸಲ ತಲೆಯೆತ್ತಿ ಅವನ ಮುಖವನ್ನು ನೋಡಿದಳು.

ಆ ಲಿಕ್ವಿಡ್ಡಿನ ವಾಸನೆಯಲ್ಲಿ ಅಪ್ಪ ಎರಡು ನಿಮಿಷ ನಿಲ್ಲಲಾರ. ನಿಂತರೂ "ನಮಸ್ಕಾರ ಸಾರ್" ಎನ್ನುವಷ್ಟು ಉಸಿರು ಅವನಲ್ಲಿ ಉಳಿದಿರುವುದಿಲ್ಲ. ಒಂದು ಗಂಟೆಗೆ ಅವನು ತಲಘಟ್ಟಪುರದಲ್ಲಿ ಸಾರಿನ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ನಡೆಯುತ್ತಿದ್ದ. ಭಾರ್ಗವ ಯಾರನ್ನೂ ಕಂಡಿರಲಿಲ್ಲ. ಕೆಲಸದವನು ಅಲ್ಲೇ ಇದ್ದನಂತೆ ಎಂಬುದನ್ನು ಪೊಲೀಸರ ಬಾಯಿಂದ ಕೇಳಿ, ಅದಕ್ಕೆ ಒಂದು ಬ್ರಷ್ಷನ್ನೂ ಒಂದು ನಮಸ್ಕಾರವನ್ನೂ ಒಂದು ಜಗಳವನ್ನೂ ಜೋಡಿಸಿದ್ದ. ಮಗಳನ್ನು ಉಳಿಸಲೆಂದು ಅಪ್ಪ ಕಟ್ಟಿದ ಸುಳ್ಳಿನ ಮೇಲೆ ಈ ಮನುಷ್ಯ ತನ್ನದೊಂದು ಅಂತಸ್ತು ಎಬ್ಬಿಸಿದ್ದ.

ಜಗಳ ಆದದ್ದಂತೂ ನಿಜ. ಆದರೆ ಅಪ್ಪನ ಜೊತೆಗಲ್ಲ.

ಭಾನುವಾರ ಹನ್ನೆರಡು ದಾಟಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವಳು ಕೊನೆಯ ಅಂಚಿಗೆ ಬ್ರಷ್ ಎಳೆಯುತ್ತಿದ್ದಾಗ, ಬಾಗಿಲಲ್ಲಿ ನಿಂತು ಬದರಿನಾಥರು ಫೋನಿನಲ್ಲಿ ಕೂಗಾಡುತ್ತಿದ್ದರು. "ಆಗಲ್ಲ ಕಣೋ ಭಾರ್ಗವ. ಇವತ್ತು ಶೂಟಿಂಗೂ ಇಲ್ಲ, ಗೀಟಿಂಗೂ ಇಲ್ಲ. ಮೂರು ದಿನ ಗಾಡಿ ಹೊರಗೆ ತೆಗೀಬಾರ್ದು ಅಂತ ಹುಡುಗಿ ಹೇಳಿದಾಳೆ, ಕೋಟ್ ಹಸಿ ಇದೆ. ನೀನ್ ಯಾರಿಗ್ ಮಾತು ಕೊಟ್ಟಿದ್ರೆ ನಂಗೇನು? ಬಂದ್ರೆ ಬಾ, ಕೀ ಮಾತ್ರ ಕೊಡಲ್ಲ."

ಫೋನು ಇಟ್ಟು, ಅವಳ ಕಡೆ ತಿರುಗಿ, "ಮೂರು ದಿನ ಅಂದ್ರೆ ಮೂರೇ ದಿನ, ಅಲ್ವೇನಮ್ಮ?" ಎಂದಿದ್ದರು.

"ಹೂಂ ಸಾರ್," ಎಂದಿದ್ದಳು.

ಅವಳ ಮೂರು ದಿನದ ಮಾತನ್ನು ಉಳಿಸಲು ಹೋಗಿ ಆ ಹಿರಿಯ ಜೀವ ನೆಲಕ್ಕೆ ಬಿದ್ದಿತ್ತು. ಅದನ್ನು ಬಲ್ಲವಳು ಅವಳೊಬ್ಬಳೇ. ಹೇಳಬೇಕಾದರೆ ಮೊದಲು, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆಯನ್ನು ದಾಟಬೇಕು. ಅದರ ಆಚೆಗೆ ಒಂದು ಸುತ್ತಿಗೆ ಇತ್ತು, ಅದರ ಹಿಡಿಯ ಮೇಲೆ ಸಣ್ಣ ಬೆರಳುಗಳ ಗುರುತಿತ್ತು.

ಪದ್ಮಶ್ರೀಯವರ ಫೋನು ಬಡಿದುಕೊಂಡಿತು.

"ಹೇಳಿ... ಹೂಂ... ಹೊರಡಿ ಹಾಗಾದ್ರೆ. ಟ್ರಾಫಿಕ್ ಇರತ್ತೆ, ಈಗ್ಲೇ ಬಿಡಿ. ಉಬ್ಬಸವಾ? ಜಾಸ್ತಿ ಇದೆಯಾ? ಕಿಟಕಿ ಪಕ್ಕ ಕೂರಿಸಿ. ನೀರು ಕೊಡಿ." ಫೋನು ಜೇಬಿಗೆ ಇಳಿಯಿತು. "ನಿಮ್ಮಪ್ಪನ್ನ ಕರ್ಕೊಂಡು ಜೀಪ್ ಹೊರಟಿದೆ. ನಾನೂ ಕೋರ್ಟಿಗೆ ಹೋಗ್ಬೇಕು. ಸಾಮಾನಿನ ಪಟ್ಟಿಗೆ ಸಹಿ ಹಾಕು, ಹೊರಡೋಣ."

"ಮೇಡಂ, ಅಪ್ಪನ ಪಂಪು... ಉಬ್ಬಸದ್ದು... ಮನೇಲೇ ಇದೆ."

"ಜೈಲಲ್ಲಿ ಡಾಕ್ಟರ್ ಇರ್ತಾರೆ."

ಜೈಲಲ್ಲಿ ಎಂಬ ಮಾತು ಅಷ್ಟು ಸಲೀಸಾಗಿ ಬಂದು ಬಿತ್ತು. ನಾಲ್ಕು ಗೋಡೆಯೊಳಗೆ, ಹತ್ತಿಪ್ಪತ್ತು ಜನರ ಬೀಡಿ ಹೊಗೆಯಲ್ಲಿ, ಗೋಡೆಗೊರಗಿ ಬಾಯಿ ತೆರೆದು ಉಸಿರಿಗಾಗಿ ಎಳೆದಾಡುವ ಅಪ್ಪ ಕಣ್ಣಿಗೆ ಬಂದ. ಆಗಲೂ ಅವನು ಯಾರನ್ನೂ ಕೂಗುವುದಿಲ್ಲ. ಆಗಲೂ ಮಗಳು ಮನೆಯಲ್ಲಿದ್ದಳು ಎಂದೇ ಹೇಳುತ್ತಾನೆ.

ಪೆನ್ನು ಅವಳ ಕೈಗೆ ಬಂತು, ಪಟ್ಟಿಯೂ ಬಂತು. ಮೈತ್ರಿ ಸಹಿ ಹಾಕಲಿಲ್ಲ.

"ಮೇಡಂ, ಒಂದ್ನಿಮಿಷ ಆ ಕಡೆ ಬರ್ತೀರಾ? ನಿಮಗೊಬ್ಬರಿಗೇ ಹೇಳ್ಬೇಕು."

"ಕಿವೀಲಿ ಹೇಳಿದ್ದನ್ನ ನಾನು ಕೋರ್ಟಲ್ಲಿ ಏನ್ ಮಾಡ್ಲಿ? ಹೇಳೋದಿದ್ರೆ ಇಲ್ಲೇ, ಇವ್ರ ಮುಂದೇನೇ ಹೇಳು."

"ಬಿಡಿ ಮೇಡಂ, ಹುಡುಗಿ ಹೆದರಿದಾಳೆ," ಎಂದ ಭಾರ್ಗವ. "ಮನೆಗ್ ಹೋಗಮ್ಮ. ನಿನ್ ಹೆಸರು ಯಾಕೆ ಇದ್ರಲ್ಲಿ ಎಳ್ಕೋತೀಯ? ಮದುವೆ ಆಗ್ಬೇಕಾದ ಹುಡುಗಿ."

ಅಪ್ಪನೂ ಅದಕ್ಕೇ ಹೆದರಿದ್ದ. ಅದೇ ಮಾತು ಈ ಬಾಯಲ್ಲಿ ಬಂದಾಗ ಅವಳಿಗೆ ಅಸಹ್ಯವಾಯಿತು.

ಪದ್ಮಶ್ರೀ ವಾಚು ನೋಡಿಕೊಂಡರು, ಜೀಪಿನ ಕಡೆ ಎರಡು ಹೆಜ್ಜೆ ಇಟ್ಟರು. ಮುನಿಯಕ್ಕ ಖಾಲಿ ಚೊಂಬು ಎತ್ತಿಕೊಂಡಳು. ಎಲ್ಲರೂ ಹೊರಡುತ್ತಿದ್ದರು. ಇನ್ನು ಐದು ಹೆಜ್ಜೆಗೆ ಗೇಟು, ಆಮೇಲೆ ಕೋರ್ಟು, ಆಮೇಲೆ ಯಾರೂ ಕೇಳುವುದಿಲ್ಲ.

ಪಟ್ಟಿಯನ್ನೂ ಪೆನ್ನನ್ನೂ ಕಂಕುಳಿಗೆ ಸಿಕ್ಕಿಸಿ, ಮೈತ್ರಿ ಕೈಗಳನ್ನು ಮತ್ತೆ ದುಪಟ್ಟಾದೊಳಗೆ ಎಳೆದುಕೊಂಡಳು.

"ಸಾರ್ ಸುಳ್ಳು ಹೇಳ್ತಿದಾರೆ."

ಪದ್ಮಶ್ರೀ ನಿಂತರು. ಭಾರ್ಗವನ ಮುಖದಲ್ಲಿ ನಗು ಇನ್ನೂ ಇತ್ತು, ಇಳಿಸಲು ಮರೆತವನ ಹಾಗೆ.

"ಏನು ಸುಳ್ಳು?" ಎಂದರು ಪದ್ಮಶ್ರೀ. "ನೋಡಮ್ಮ, ಮೊದ್ಲೇ ಹೇಳಿದೀನಿ. ಸುತ್ತಿಗೆ ಮೇಲಿರೋ ಎರಡನೇ ಕೈನ ನಾವು ಹುಡುಕ್ತಾ ಇದೀವಿ. ಈಗ ನೀನು ಏನ್ ಹೇಳ್ತೀಯೋ ಅದನ್ನ ನಾನು ಬರ್ಕೋತೀನಿ. ಬರ್ಕೊಂಡ್ ಮೇಲೆ ಅಳಿಸಲ್ಲ."

"ಬರ್ಕೊಳ್ಳಿ ಮೇಡಂ."

ಮೈತ್ರಿ ದುಪಟ್ಟಾದೊಳಗಿನಿಂದ ಎರಡೂ ಕೈಗಳನ್ನು ಹೊರಗೆ ತೆಗೆದಳು.

"ಭಾನುವಾರ ಈ ಶೆಡ್ಡಲ್ಲಿ ಅಪ್ಪ ಇರಲೇ ಇಲ್ಲ. ನಾನಿದ್ದೆ."